ನಿಸಿದಿಯಿಲ್ಲದವರು

ತುಮಕೂರು ರಸ್ತೆಯ ಪಕ್ಕದಲ್ಲಿ ಹರಡಿಕೊಂಡಿರುವ ಪೀಣ್ಯ ಕೈಗಾರಿಕಾ ಪ್ರದೇಶ ಸದ್ದಿನ ಊರು. ಲೇತ್‌ಗಳ ಕೊರೆತ, ಪವರ್ ಪ್ರೆಸ್‌ಗಳ ಬಡಿತ, ಸರಕಿನ ಲಾರಿಗಳ ಹಾರನ್, ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಬೀದಿ ತುಂಬುವ ಹೆಣ್ಣುಮಕ್ಕಳ ಮಾತು; ಇಷ್ಟರ ನಡುವೆ ಒಂದು ಸಣ್ಣ ದನಿ ಯಾರ ಕಿವಿಗೂ ಬೀಳಲಾರದು. ಇಂಥ ಪ್ರದೇಶದ ಎರಡನೆಯ ಹಂತದಲ್ಲಿ ಇಸ್ರೋದ ಅಂಗಸಂಸ್ಥೆಯಾದ ಇಸ್ಟ್ರಾಕ್ ಇದೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ದೇಶವೆಲ್ಲ ದೂರದರ್ಶನದಲ್ಲಿ ಕಂಡ ಆ ಕೊಠಡಿ, ಎದ್ದು ನಿಂತು ಚಪ್ಪಾಳೆ ತಟ್ಟಿದ ಆ ಜನ, ಇದೇ ಪೀಣ್ಯದವರು. ಅದೇ ಸಂಸ್ಥೆಯ ಆಶ್ರಯದಲ್ಲಿ ಇನ್ನೊಂದು ಕೇಂದ್ರವೂ ನಡೆಯುತ್ತದೆ. ಅದರ ಹೆಸರು ಭಾರತೀಯ ಮಿಷನ್ ಕಂಟ್ರೋಲ್ ಸೆಂಟರ್. ಅಲ್ಲಿ ಚಪ್ಪಾಳೆಗೆ ಅವಕಾಶ ಕಡಿಮೆ, ಕ್ಯಾಮೆರಾಗಳೂ ಸುಳಿಯುವುದಿಲ್ಲ. ಆಪತ್ತಿನಲ್ಲಿರುವ ಹಡಗು, ವಿಮಾನಗಳ ಕೂಗನ್ನು ಉಪಗ್ರಹಗಳ ಮೂಲಕ ಕೇಳಿ, ಆ ಕೂಗು ಬಂದ ಎಡೆ ಯಾವುದೆಂದು ಹೇಳುವುದು ಅದರ ಕೆಲಸ. ಭಾರತವಷ್ಟೇ ಅಲ್ಲ, ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಸೆಶೆಲ್ಸ್, ತಾಂಜಾನಿಯಾಗಳೂ ಈ ಕಿವಿಯ ಆಸರೆಯಲ್ಲಿವೆ.

‘ಎಡೆ ಯಾವುದು’ ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳ ಪರಿಸರದ 573 ಶಾಸನಗಳಲ್ಲಿ 271 ಚಿಕ್ಕಬೆಟ್ಟವೊಂದರಲ್ಲೇ ಇವೆ. ಅವುಗಳಲ್ಲಿ ಬಹುಪಾಲು ಪ್ರಾಚೀನ ಬರಹಗಳು ಯಾವ ರಾಜನ ದಿಗ್ವಿಜಯವನ್ನೂ ಹೊಗಳುವುದಿಲ್ಲ. ಇಂಥ ಮುನಿ, ಇಂಥ ಕಂತಿ, ಇಂಥ ಸಂಘದವರು, ಇಲ್ಲಿ ನೋಂತು ಮುಡಿಪಿದರು ಎನ್ನುತ್ತವೆ, ಅಷ್ಟೇ. ಎಷ್ಟೋ ನಿಸಿದಿಗಳಲ್ಲಿ ಕಾಲದ ಉಲ್ಲೇಖವಿಲ್ಲ, ಆಳುವ ಅರಸನ ಹೆಸರಿಲ್ಲ. ಬಂಡೆಯ ಮೇಲೆ ಒಂದೆರಡು ಸಾಲು ಮಾತ್ರ. ಆದರೆ ಹೆಸರು ಮತ್ತು ಎಡೆ ಇವೆರಡನ್ನು ಬಿಡುವ ಹಾಗಿಲ್ಲ. ಬಂಡೆಯೇ ಎಡೆ, ಅದರ ಮೇಲಿನದು ಹೆಸರು. ಸತ್ತವರಿಗೆ ಪಿಂಡವಿಡದ, ಶ್ರಾದ್ಧವನ್ನು ಒಪ್ಪದ ಧರ್ಮವೊಂದು ಮರಣದ ಸ್ಥಳವನ್ನು ಕಲ್ಲಿನಲ್ಲಿ ಕೊರೆಯಲು ಇಷ್ಟು ಶ್ರಮಪಟ್ಟದ್ದೇಕೆ ಎಂಬುದು ಯೋಚಿಸಬೇಕಾದ ಸಂಗತಿ. ಸತ್ತವರಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಬೇಕಾಗಿದ್ದದ್ದು ಉಳಿದವರಿಗೆ.

ಸಲ್ಲೇಖನ ಕೈಗೊಂಡ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರಿರಬೇಕೆಂದು ಭಗವತೀ ಆರಾಧನೆ ವಿಧಿಸುತ್ತದೆ. ಒಬ್ಬನ ಸಾವಿಗೆ ಅಷ್ಟು ಜನ ಸಾಕ್ಷಿಗಳು! ವಡ್ಡಾರಾಧನೆಯ 19 ಕಥೆಗಳ ಮಹಾಪುರುಷರಲ್ಲಿ ಹಲವರಿಗೆ ಆ ಭಾಗ್ಯವಿಲ್ಲ. ಸುಕುಮಾರಸ್ವಾಮಿಯ ಬಳಿ ಇದ್ದದ್ದು ಒಂದು ನರಿ ಮತ್ತು ಅದರ ಮರಿಗಳು ಮಾತ್ರ. ನಿರ್ಯಾಪಕರಿಲ್ಲದ ಆ ಮರಣಗಳಿಗೆ ಕಥೆಯೇ ಸಾಕ್ಷಿಯಾಯಿತು, ಕಾವ್ಯವೇ ನಿಸಿದಿಯಾಯಿತು. ಕಥೆಯೂ ಇಲ್ಲದೆ, ಕಲ್ಲೂ ಇಲ್ಲದೆ, ಹೋದ ದಿಕ್ಕು ಮಾತ್ರ ತಿಳಿದಿರುವ ಸಾವು ಬೇರೆ ಬಗೆಯದು. ಪರ್ವತಗಳಲ್ಲಿ ಮರೆಯಾದ ವಿಮಾನಗಳು ಇಪ್ಪತ್ತನೆಯ ಶತಮಾನದ ಮನೆಗಳಿಗೆ ತಂದಿಟ್ಟದ್ದು ಈ ಬಗೆಯ ಸಾವನ್ನು.

ಬೆಂಗಳೂರಿನ ಹೊರವಲಯಕ್ಕೂ ಈ ಚರಿತ್ರೆಗೂ ನಂಟು ಬೆಳೆದದ್ದು ಪೀಣ್ಯಕ್ಕಿಂತ ಬಹಳ ಮೊದಲು, ನಗರದ ಇನ್ನೊಂದು ತುದಿಯಲ್ಲಿ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಸ್ಥಾಪಿಸಿದವರು ಸೊಲ್ಲಾಪುರದ ಜೈನ ಮನೆತನದ ಉದ್ಯಮಿ ವಾಲಚಂದ್ ಹೀರಾಚಂದ್. ಅದಕ್ಕೂ ಹಿಂದೆ, 1919ರಲ್ಲಿ, ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿ ಬ್ರಿಟಿಷ್ ಹಡಗುಗಳ ಏಕಸ್ವಾಮ್ಯಕ್ಕೆ ಎದುರು ನಿಂತವರು ಅವರು. ಮೈಸೂರು ಸಂಸ್ಥಾನ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಇದಕ್ಕೆ ಕೈಜೋಡಿಸಿತು. ಪಾಂಡಿತ್ಯ ಮತ್ತು ವಾಣಿಜ್ಯ ಎರಡರಲ್ಲೂ ಜೈನರ ಕೊಡುಗೆಯನ್ನು ಎಣಿಸುವವರು ಬಸದಿ, ತಾಳೆಗರಿಗಳ ಜೊತೆಗೆ ಈ ಕಾರ್ಖಾನೆಯನ್ನೂ ನೆನೆಯುವುದುಂಟೋ ಇಲ್ಲವೋ, ನೆನೆದರೆ ತಪ್ಪಿಲ್ಲ.

ಯುದ್ಧ ಬಂದಾಗ ಕಾರ್ಖಾನೆ ಸರಕಾರದ ಕೈಗೆ ಹೋಯಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಡಿಪೋ ಆಯಿತು. ಅಸ್ಸಾಮಿನ ಚಬುವಾ, ದಿಂಜಾನ್ ಮುಂತಾದ ನೆಲೆಗಳಿಂದ ಚೀನಾದ ಕುನ್ಮಿಂಗಿಗೆ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಸರಕು ಸಾಗಿಸುತ್ತಿದ್ದ ವಾಯುಮಾರ್ಗಕ್ಕೆ ವಿಮಾನ ಚಾಲಕರು ‘ಹಂಪ್’, ಅಂದರೆ ಗೂನು ಎಂದು ಹೆಸರಿಟ್ಟಿದ್ದರು. ಈ ಯುದ್ಧರಂಗದ ವಿಮಾನಗಳಿಗೆ, ಅವುಗಳ ಎಂಜಿನ್‌ಗಳಿಗೆ ಮರುಜೀವ ಬರುತ್ತಿದ್ದದ್ದು ಬೆಂಗಳೂರಿನಲ್ಲಿ. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇಂದು ನೊರೆಗಾಗಿ ಸುದ್ದಿಯಾಗುವ ಕೆರೆ, ವೈಟ್‌ಫೀಲ್ಡ್ ಕಡೆಯ ಬಸ್ಸಿನಲ್ಲಿ ಕುಳಿತು ದಿನವೂ ವಾಹನಗಳ ಸಾಲಿನಲ್ಲಿ ಕಾಯುವವರು ಮೂಗು ಮುಚ್ಚಿಕೊಳ್ಳುವ ಕೆರೆ ಅದು.

ಹಂಪ್ ಮಾರ್ಗ ನುಂಗಿದ ವಿಮಾನಗಳು ಐನೂರಕ್ಕೂ ಹೆಚ್ಚು. ನಕ್ಷೆ ಅಸ್ಪಷ್ಟ, ರೇಡಿಯೊ ದುರ್ಬಲ, ಮೋಡದೊಳಗೆ ಗಾಳಿಯ ವೇಗ ಊಹೆಗೆ ಮೀರಿದ್ದು. ಹೊರಟ ವಿಮಾನ ಬಾರದಿದ್ದರೆ ಅದು ಎಲ್ಲಿ ಬಿತ್ತೆಂದು ಹೇಳಬಲ್ಲವರು ಆ ಕಾಡುಗಳಲ್ಲಿ ವಾಸಿಸುವವರು ಮಾತ್ರ. ಅವರನ್ನು ಕೇಳಲು ಹೋದವರು ಕಡಿಮೆ. 1944ರ ಜನವರಿ 25ರಂದು ಕುನ್ಮಿಂಗಿನಿಂದ ಚಬುವಾಕ್ಕೆ ಮರಳುತ್ತಿದ್ದ, ‘ಹಾಟ್ ಆ್ಯಸ್ ಹೆಲ್’ ಎಂಬ ಅಡ್ಡಹೆಸರಿನ ಬಿ-24 ವಿಮಾನ ಎಂಟು ಮಂದಿಯೊಡನೆ ಕಾಣೆಯಾಯಿತು. ಅರುಣಾಚಲದ ದಮ್ರೋ ಗ್ರಾಮದ ಬೆಟ್ಟಗಳಲ್ಲಿ ಅದರ ಅವಶೇಷವನ್ನು ಹೊರಜಗತ್ತು ಗುರುತಿಸಿದ್ದು 2006ರಲ್ಲಿ. ಅಲ್ಲಿ ದೊರೆತ ಮಾನವ ಅವಶೇಷಗಳು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಅಮೆರಿಕಕ್ಕೆ ಹೊರಟವು. ಎಪ್ಪತ್ತೆರಡು ವರ್ಷ! ಕಾದ ತಾಯಂದಿರು ಯಾರೂ ಉಳಿದಿರಲಾರರು; ಪೆಟ್ಟಿಗೆಯನ್ನು ಬರಮಾಡಿಕೊಳ್ಳುವ ಪಾಳಿ ಅಣ್ಣ ತಮ್ಮಂದಿರ ಮಕ್ಕಳದು, ಮೊಮ್ಮಕ್ಕಳದು.

ಕಾಣೆಯಾದವರು ಸತ್ತೇಬಿಟ್ಟಿರುತ್ತಾರೆ ಎಂದು ಭಾವಿಸುವುದು ಹುಡುಕುವವರಿಗೆ ಅನುಕೂಲ. ಆ ಅನುಕೂಲವನ್ನು ಮುರಿದದ್ದು 1967ರ ಒಂದು ದಿನಚರಿ. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರದ ಪರ್ವತಗಳಲ್ಲಿ ಒಂದು ಸಣ್ಣ ಸೆಸ್ನಾ ವಿಮಾನ ಮರೆಯಾಯಿತು. ಒಳಗಿದ್ದವರು ತಂದೆ, ತಾಯಿ, ಹದಿನಾರು ವರ್ಷದ ಮಗಳು. ಹುಡುಕಾಟ ನಿಂತಿತು. ಅಕ್ಟೋಬರ್‌ನಲ್ಲಿ ಬೇಟೆಗಾರನೊಬ್ಬನಿಗೆ ವಿಮಾನ ಸಿಕ್ಕಿತು, ಜೊತೆಗೆ ಮಗಳ ಬರಹವೂ ಸಿಕ್ಕಿತು. ಅಪಘಾತದಲ್ಲಿ ಮೂವರೂ ಬದುಕುಳಿದಿದ್ದರು. ಸಹಾಯ ತರಲು ಹೋದ ತಂದೆ ಮರಳಲಿಲ್ಲ. ತಾಯಿ ಮಗಳು ಹಿಮದ ನಡುವೆ ಐವತ್ತು ದಿನಗಳಿಗೂ ಹೆಚ್ಚು ಕಾಲ ಕಾದಿದ್ದರು. ಬರಹ ಅಲ್ಲಿಯವರೆಗೆ ಇತ್ತು. ವಿಮಾನದಲ್ಲಿ ತಾನಾಗಿ ಕೂಗುವ ಒಂದು ಯಂತ್ರವಿದ್ದಿದ್ದರೆ ಎಂಬ ಮಾತು ಆಗ ಬಲವಾಗಿ ಎದ್ದಿತು.

ಆ ಯಂತ್ರವನ್ನು ಕಡ್ಡಾಯ ಮಾಡುವ ಕಾನೂನು ಆಯಿತು, ಆದರೆ ಜಾರಿಗೆ ಕಾಲಾವಕಾಶ ನೀಡಲಾಗಿತ್ತು. ಆ ಅವಕಾಶದ ನಡುವೆಯೇ, 1972ರ ಅಕ್ಟೋಬರ್ 16ರಂದು, ಅಲಾಸ್ಕಾದಲ್ಲಿ ಆಂಕೊರೇಜ್‌ನಿಂದ ಜೂನೋಗೆ ಹೊರಟ ಇನ್ನೊಂದು ಸೆಸ್ನಾ ಮರೆಯಾಯಿತು. ಈ ಬಾರಿ ಒಳಗಿದ್ದವರು ಅಮೆರಿಕದ ಜನಪ್ರತಿನಿಧಿ ಸಭೆಯ ಬಹುಮತದ ನಾಯಕ ಹೇಲ್ ಬಾಗ್ಸ್ ಮತ್ತು ಅಲಾಸ್ಕಾದ ಪ್ರತಿನಿಧಿ ನಿಕ್ ಬೆಗಿಚ್. ಜೊತೆಗೆ ಒಬ್ಬ ಸಹಾಯಕ, ಒಬ್ಬ ಚಾಲಕ. 39 ದಿನ ಹುಡುಕಿದರು. ಇಂದಿಗೂ ಒಂದು ತುಂಡು ಸಿಕ್ಕಿಲ್ಲ. ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ಮಾತ್ರ ಮನಸ್ಸನ್ನು ಚುಚ್ಚುವಂಥದು. ಆ ಚಾಲಕನ ಬಳಿ ಕೈಯಲ್ಲಿ ಒಯ್ಯಬಲ್ಲ ಆಪತ್ತಿನ ರೇಡಿಯೊ ಒಂದಿತ್ತು. ಅದು ಫೇರ್‌ಬ್ಯಾಂಕ್ಸ್‌ನಲ್ಲಿ ಬೇರೊಂದು ವಿಮಾನದಲ್ಲಿ ಇತ್ತು.

ಮುಂದಿನ ಹೆಜ್ಜೆಯನ್ನು ಇಟ್ಟವರು ಯಾರು ಎಂಬುದು ಆಶ್ಚರ್ಯ ತರುತ್ತದೆ. ಒಬ್ಬರ ಮೇಲೊಬ್ಬರು ಅಣ್ವಸ್ತ್ರ ಗುರಿಯಿಟ್ಟುಕೊಂಡಿದ್ದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಕೆನಡಾ ಮತ್ತು ಫ್ರಾನ್ಸ್‌ಗಳೊಡನೆ ಸೇರಿ, 1979ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು: ಆಪತ್ತಿನ ಕೂಗು ಯಾರದೇ ಆಗಲಿ, ಯಾವ ಉಪಗ್ರಹಕ್ಕೆ ಕೇಳಿದರೂ ಅದನ್ನು ಹಂಚಿಕೊಳ್ಳುವುದು. ಇದೇ ಕೋಸ್ಪಾಸ್-ಸಾರ್ಸ್ಯಾಟ್ ವ್ಯವಸ್ಥೆ. 1982ರ ಜೂನ್ 30ರಂದು ಸೋವಿಯತ್ ಉಪಗ್ರಹವೊಂದು ಮೇಲೇರಿತು. ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಬಿದ್ದ ಸಣ್ಣ ವಿಮಾನವೊಂದರ ಕೂಗು ಅದರ ಮೂಲಕ ಕೇಳಿಬಂತು, ಮೂವರು ಬದುಕಿದರು. ಆ ಮೂವರು ಹೊರಟಿದ್ದದ್ದು ಅದಕ್ಕೂ ಮುಂಚೆ ಕಾಣೆಯಾಗಿದ್ದ ಇನ್ನೊಂದು ವಿಮಾನವನ್ನು ಹುಡುಕುವುದಕ್ಕೆ.

ಯಂತ್ರದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಪೀಣ್ಯದ ಕೇಂದ್ರದ ಸಾಮರ್ಥ್ಯ ಮತ್ತು ಅಸಹಾಯಕತೆ ಎರಡೂ ಅದರಲ್ಲೇ ಅಡಗಿವೆ. ವಿಮಾನದ ಬಾಲದ ಕಡೆ ಜೋಡಿಸಿರುವ ಬೀಕನ್ ಪೆಟ್ಟಿಗೆ, ಹೊಡೆತದ ರಭಸಕ್ಕೆ ತಾನಾಗಿ ಚಾಲೂ ಆಗುತ್ತದೆ. ಸುಮಾರು ಐವತ್ತು ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು, 406 ಮೆಗಾಹರ್ಟ್ಸ್ ಅಲೆಯಲ್ಲಿ ತನ್ನ ಗುರುತಿನ ಸಂಖ್ಯೆಯನ್ನು ಹೇಳುತ್ತದೆ. ಅದರ ಶಕ್ತಿ ಐದು ವಾಟ್. ದೇವರ ಮನೆಯ ಪುಟ್ಟ ಬಲ್ಬಿನಷ್ಟು. ಮೇಲೆ ಸಾಗುವ ಉಪಗ್ರಹ ಅದನ್ನು ಕೇಳುತ್ತದೆ. ನಿಲ್ದಾಣದಲ್ಲಿ ನಿಂತವನಿಗೆ ತುಮಕೂರು ಕಡೆಯಿಂದ ಬರುವ ರೈಲಿನ ಸೀಟಿ ಬರುವಾಗ ಏರಿ, ದಾಟಿದೊಡನೆ ಇಳಿದಂತೆ ಕೇಳುವುದಷ್ಟೆ. ಉಪಗ್ರಹಕ್ಕೂ ಬೀಕನ್ನಿನ ಶ್ರುತಿ ಹಾಗೆಯೇ ಏರಿ ಇಳಿಯುತ್ತದೆ. ಆ ಇಳಿತದ ರೇಖೆಯಿಂದ ಸ್ಥಳವನ್ನು ಲೆಕ್ಕ ಹಾಕುತ್ತಾರೆ. ಲೆಕ್ಕದಲ್ಲಿ ಎರಡು ಉತ್ತರ ಬರುತ್ತವೆ: ಉಪಗ್ರಹದ ಹಾದಿಯ ಎಡಕ್ಕೊಂದು, ಬಲಕ್ಕೊಂದು. ಒಂದು ನಿಜ, ಒಂದು ಅದರ ನೆರಳು. ಯಾವುದು ನಿಜವೆಂದು ಖಚಿತಪಡಿಸಲು ಸಾಮಾನ್ಯವಾಗಿ ಇನ್ನೊಂದು ಸುತ್ತು ಕಾಯಬೇಕು. ಎತ್ತರದಲ್ಲಿ ಒಂದೇ ಕಡೆ ನಿಂತಂತಿರುವ ಇನ್ಸಾಟ್‌ನಂಥ ಉಪಗ್ರಹಗಳು ಕೂಗನ್ನು ಕೂಡಲೇ ಕೇಳುತ್ತವೆ. ಆದರೆ ಅವುಗಳಿಗೆ ಆ ಏರಿಳಿತ ಕೇಳಿಸದು. ಬೀಕನ್ ತನ್ನ ಸ್ಥಾನವನ್ನು ತಾನೇ ಹೇಳಿದರೆ ಸರಿ, ಇಲ್ಲವಾದರೆ ಯಾರೋ ಕೂಗಿದರು ಎಂಬುದಷ್ಟೇ ತಿಳಿದೀತು.

ಭಾರತ ಈ ವ್ಯವಸ್ಥೆಯ ಸದಸ್ಯ. ಉಪಗ್ರಹಗಳ ಮಾತನ್ನು ಕೇಳುವ ನೆಲದ ಕೇಂದ್ರಗಳು ಬೆಂಗಳೂರು ಮತ್ತು ಲಖನೌಗಳಲ್ಲಿವೆ. ಪೀಣ್ಯದಿಂದ ಸಂದೇಶ ಮುಂಬಯಿ, ಕೋಲ್ಕತ್ತ, ದೆಹಲಿ, ಚೆನ್ನೈಗಳ ರಕ್ಷಣಾ ಸಮನ್ವಯ ಕೇಂದ್ರಗಳಿಗೆ, ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ಹುಡುಕುವವರು ಅಲ್ಲಿಂದ ಹೊರಡುತ್ತಾರೆ. ಎತ್ತರದ ಪ್ರದೇಶದಲ್ಲಿ ಗಾಯಗೊಂಡವನಿಗೆ ಒಂದು ರಾತ್ರಿಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯ ವಿಮಾನದ ಬೀಕನ್ನಿನ ಬ್ಯಾಟರಿಯಿಂದ ನಿರೀಕ್ಷಿಸುವುದು 24 ಗಂಟೆಗಳ ಕೂಗು.

ಹಳೆಯ ಬೀಕನ್‌ಗಳು 121.5 ಮತ್ತು 243 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿದ್ದವು. ಅವಕ್ಕೆ ಗುರುತಿನ ಸಂಖ್ಯೆ ಇಲ್ಲ. ಹೇಳುವ ಸ್ಥಳವೂ ಒರಟು. ಸುಳ್ಳು ಕೂಗುಗಳು ಲೆಕ್ಕವಿಲ್ಲದಷ್ಟು. ಆದ್ದರಿಂದ 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಅಲೆಗಳನ್ನು ಕೇಳುವುದನ್ನು ನಿಲ್ಲಿಸಿದವು. ವರ್ಷಗಳ ಮುಂಚೆಯೇ ಸಾರಿ ಹೇಳಿದ ನಿರ್ಧಾರವದು. ಆದರೂ ಆ ದಿನದ ನಂತರ ಹಳೆಯ ಪೆಟ್ಟಿಗೆಯನ್ನೇ ಹೊತ್ತು ಹಾರಿದವನ ಸ್ಥಿತಿ, ಎಲ್ಲರೂ ಬಿಟ್ಟುಹೋದ ಊರಿನಲ್ಲಿ ಬಾಗಿಲು ತಟ್ಟುವವನ ಸ್ಥಿತಿ.

2019ರ ಜೂನ್ 3ರ ಮಧ್ಯಾಹ್ನ ವಾಯುಪಡೆಯ ಎಎನ್-32 ವಿಮಾನ ಅಸ್ಸಾಮಿನ ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಕ್ಕೆ 13 ಮಂದಿಯೊಡನೆ ಹೊರಟಿತು. ಚೀನಾ ಗಡಿಗೆ ಹತ್ತಿರದ, ಬೆಟ್ಟಗಳ ನಡುವಿನ ಕಿರಿದಾದ ಇಳಿದಾಣ ಅದು. ಅರ್ಧ ಗಂಟೆಯಷ್ಟರಲ್ಲಿ ಸಂಪರ್ಕ ಕಡಿಯಿತು. ಸುಖೋಯ್, ಸಿ-130, ನೌಕಾಪಡೆಯ ಪಿ-8ಐ, ಹೆಲಿಕಾಪ್ಟರ್‌ಗಳು ಹುಡುಕಿದವು. ಇಸ್ರೋದ ಕಾರ್ಟೊಸ್ಯಾಟ್, ರಿಸ್ಯಾಟ್ ಉಪಗ್ರಹಗಳು ಚಿತ್ರ ತೆಗೆದವು. ಮೋಡ, ಮಳೆ, ದಟ್ಟ ಕಾಡು. ಸುಳಿವು ಕೊಟ್ಟವರಿಗೆ ಐದು ಲಕ್ಷ ರೂಪಾಯಿ ಬಹುಮಾನವೆಂದು ವಾಯುಪಡೆ ಪ್ರಕಟಿಸಿತು. ಜೂನ್ 11ರಂದು ಲಿಪೊ ಎಂಬ ಊರಿನ ಉತ್ತರಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ, 12,000 ಅಡಿಯಷ್ಟು ಎತ್ತರದಲ್ಲಿ, ಎಂಐ-17 ಹೆಲಿಕಾಪ್ಟರ್‌ನಿಂದ ನೋಡಿದವರಿಗೆ ಅವಶೇಷ ಕಂಡಿತು. ಯಾರೂ ಉಳಿದಿರಲಿಲ್ಲ. ಆ ವಿಮಾನದಲ್ಲಿದ್ದ ಬೀಕನ್ ಹಳೆಯ ಅಲೆಗಳಲ್ಲಿ ಕೂಗುವ ಮಾದರಿಯದೆಂದು ಆ ದಿನಗಳಲ್ಲಿ ಪತ್ರಿಕೆಗಳು ವರದಿ ಮಾಡಿದವು.

ಆ ಹೊಡೆತದ ನಂತರ ಯಾವ ಬೀಕನ್ ಇದ್ದಿದ್ದರೂ ಜೀವ ಉಳಿಯುತ್ತಿತ್ತೆಂದು ಹೇಳಲಾಗದು. ಬೀಕನ್ನಿನ ಆಂಟೆನಾ ಮುರಿಯಬಹುದು, ತಂತಿ ಹರಿಯಬಹುದು, ಕಣಿವೆಯ ಗೋಡೆ ಆಕಾಶವನ್ನೇ ಮರೆಮಾಡಬಹುದು. ಹೊಸ ಪೆಟ್ಟಿಗೆಗಳೂ ಎಷ್ಟೋ ಬಾರಿ ಮೂಕವಾಗಿವೆ. ಆದರೆ ಎಂಟು ದಿನಗಳ ಪ್ರಶ್ನೆ ಬೇರೆ. ಹದಿಮೂರು ಮನೆಗಳಲ್ಲಿ ಎಂಟು ರಾತ್ರಿ ದೀಪ ಆರಿಸದೆ ಕುಳಿತವರಿಗೆ, ಇದ್ದಾರೋ ಇಲ್ಲವೋ ಎಂಬುದನ್ನು ಒಂದು ಪೆಟ್ಟಿಗೆ ಮೊದಲ ದಿನವೇ ಹೇಳಬಹುದಿತ್ತು. ಚಂದ್ರನ ಮೇಲೆ ಇಳಿಯುವ ಸಿದ್ಧತೆಯಲ್ಲಿದ್ದ ದೇಶದಲ್ಲಿ, ಹತ್ತು ವರ್ಷಗಳ ಹಿಂದೆಯೇ ಯಾರೂ ಕೇಳದಂತಾದ ಅಲೆಯ ಪೆಟ್ಟಿಗೆ ಸೈನಿಕರ ಬೆನ್ನ ಹಿಂದೆ ಇತ್ತೆಂಬುದು ನಿಜವೇ ಆದರೆ, ಅದನ್ನು ಹಣದ ಕೊರತೆ ಎನ್ನಲು ಬರುವುದಿಲ್ಲ. ಕೊರತೆ ಗಮನದ್ದು. ಜೈನ ಆಚಾರಗ್ರಂಥಗಳು ಪ್ರಮಾದವೆಂದು ಕರೆಯುವುದು ಇದನ್ನೇ: ಕೊಲ್ಲುವ ಮನಸ್ಸಿಲ್ಲ, ಕೈಯಲ್ಲಿ ಆಯುಧವಿಲ್ಲ, ಎಚ್ಚರ ಮಾತ್ರ ಇಲ್ಲ.

ಪೀಣ್ಯದ ಕೇಂದ್ರದ ದೈನಂದಿನ ಕಷ್ಟ ಇದಕ್ಕೆ ತದ್ವಿರುದ್ಧ. ಇಂಥ ಕೇಂದ್ರಗಳಿಗೆ ಜಗತ್ತಿನಾದ್ಯಂತ ಬರುವ ಕೂಗುಗಳಲ್ಲಿ ಬಹುಪಾಲು ಸುಳ್ಳು. ಹ್ಯಾಂಗರಿನಲ್ಲಿ ಯಾರೋ ಪೆಟ್ಟಿಗೆಯನ್ನು ಕೆಳಗೆ ಬೀಳಿಸಿರುತ್ತಾರೆ. ಇಳಿಯುವಾಗ ಚಕ್ರ ಜೋರಾಗಿ ನೆಲಕ್ಕೆ ಬಡಿದಿರುತ್ತದೆ. ಹಡಗಿನಲ್ಲಿ ಬಣ್ಣ ಬಳಿಯುವವನ ಕೈ ತಾಗಿರುತ್ತದೆ. ಪ್ರತಿಯೊಂದನ್ನೂ ನಿಜವೆಂದೇ ಎಣಿಸಿ ಬೆನ್ನಟ್ಟಬೇಕು. ಇಲ್ಲಿ ನೆರವಿಗೆ ಬರುವುದು ಬಲು ಸಾಮಾನ್ಯವಾದ ಒಂದು ದಾಖಲೆ. ಬೀಕನ್ ಕೊಂಡವರು ಅದರ ಸಂಖ್ಯೆಯನ್ನು ನೋಂದಾಯಿಸಬೇಕು: ಯಾವ ವಿಮಾನ, ಯಾರ ಒಡೆತನ, ಆಪತ್ತಿನಲ್ಲಿ ಯಾರಿಗೆ ಕರೆ ಮಾಡಬೇಕು. ನೋಂದಣಿ ಇದ್ದರೆ ಒಂದು ದೂರವಾಣಿ ಕರೆಯಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂಬುದು ಬೇರೆಯಾಗುತ್ತದೆ. ವಿಮಾನ ಮಾರಿದವರು ವಿವರ ಬದಲಿಸದಿದ್ದರೆ, ದೂರವಾಣಿ ಸಂಖ್ಯೆ ಹಳತಾಗಿದ್ದರೆ, ಉಪಗ್ರಹ, ಆಂಟೆನಾ, ಗಣಕಯಂತ್ರ ಎಲ್ಲವೂ ಸರಿಯಿದ್ದೂ ಕೂಗು ಹೆಸರಿಲ್ಲದ ಕೂಗಾಗುತ್ತದೆ. ಚಿಕ್ಕಬೆಟ್ಟದ ಲಿಪಿಕಾರ ಕೊರೆದ ಎರಡು ಮಾತುಗಳನ್ನೇ ಈ ದಾಖಲೆಯೂ ಕೇಳುತ್ತಿದೆ. ಎಡೆಯನ್ನು ಉಪಗ್ರಹ ಹೇಳೀತು. ಹೆಸರನ್ನು ಮನುಷ್ಯನೇ ಬರೆದಿಟ್ಟಿರಬೇಕು.

ಎಡೆ ತಿಳಿಯದಾಗ ಕಾನೂನು ತನ್ನದೇ ದಾರಿ ಹಿಡಿಯುತ್ತದೆ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತ್ತು. ಹೊಸ ಅಧಿನಿಯಮದಲ್ಲೂ ಆ ಏಳು ಹಾಗೆಯೇ ಇದೆ. ಸೇನೆ ಅಷ್ಟು ಕಾಯುವುದಿಲ್ಲ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟು ಸಮುದ್ರದ ಮೇಲೆ ಮರೆಯಾದ ಇನ್ನೊಂದು ಎಎನ್-32ರ 29 ಮಂದಿಯನ್ನು ಸೆಪ್ಟೆಂಬರ್‌ನಲ್ಲೇ ಮೃತರೆಂದು ಭಾವಿಸಲಾಯಿತು. ಪಿಂಚಣಿ, ವಿಮೆಗಳಿಗೆ ಅದು ಬೇಕು. ಅವಶೇಷ 3,400 ಮೀಟರ್ ಆಳದಲ್ಲಿ ಕಂಡದ್ದು 2024ರ ಜನವರಿಯಲ್ಲಿ. ನಡುವಿನ ಏಳೂವರೆ ವರ್ಷ ಆ ಮನೆಗಳಲ್ಲಿ ಸರಕಾರಿ ಕಾಗದ ಒಂದು ಮಾತು ಹೇಳುತ್ತಿತ್ತು, ಬಾಗಿಲ ಸದ್ದು ಇನ್ನೊಂದು.

ಇದಕ್ಕಿಂತ ದೀರ್ಘವಾದ ನಿರೀಕ್ಷೆಯೂ ಇದೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎಎನ್-12 ವಿಮಾನ, ಹವೆ ಕೆಟ್ಟದ್ದರಿಂದ ಹಿಂದಿರುಗುವಾಗ ರೋಹ್ತಾಂಗ್ ಕಣಿವೆಯ ಆಸುಪಾಸಿನಲ್ಲಿ ಮರೆಯಾಯಿತು. ಒಳಗೆ 102 ಮಂದಿ. ಸಣ್ಣ ವಿಮಾನವಲ್ಲ ಅದು. ಆದರೆ ಹಿಮಾಲಯದ ಅಳತೆಯಲ್ಲಿ ದೊಡ್ಡ ವಿಮಾನವೆಂಬುದಿಲ್ಲ. 2003ರಲ್ಲಿ ಪರ್ವತಾರೋಹಿಗಳ ತಂಡವೊಂದು ಢಾಕಾ ಹಿಮನದಿಯ ಮೇಲೆ ಅದರ ಅವಶೇಷವನ್ನೂ ಒಬ್ಬ ಸೈನಿಕನ ದೇಹವನ್ನೂ ಕಂಡಿತು. ಆ ಬಳಿಕ ಸೇನೆ ಮತ್ತೆ ಮತ್ತೆ ಹೋಗಿದೆ. ಹಿಮ ಸಡಿಲವಾಗುವ ಕೆಲವೇ ವಾರಗಳಲ್ಲಿ ಮಾತ್ರ ಅಲ್ಲಿ ಕೆಲಸ ಸಾಧ್ಯ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಇನ್ನು ನಾಲ್ವರು ದೊರೆತರು. ಕೆಲವರ ಗುರುತು ಹತ್ತಿದ್ದು ಅವರ ಬಳಿ ಉಳಿದಿದ್ದ ಕಾಗದಗಳಿಂದ. ಅವರಲ್ಲೊಬ್ಬ ಕೇರಳದ ಇಲಂತೂರಿನವನು, ಹೊರಟಾಗ 22 ವರ್ಷ. ಐವತ್ತಾರು ವರ್ಷಗಳ ಮೇಲೆ ಅಕ್ಟೋಬರ್‌ನಲ್ಲಿ ಅವನನ್ನು ಊರಿನ ಚರ್ಚಿನಲ್ಲಿ ಮಣ್ಣು ಮಾಡಿದರು. ಹಿಮದೊಳಗೆ ಅವನ ವಯಸ್ಸು ಮುಂದೆ ಸಾಗಿರಲಿಲ್ಲ. ಪೆಟ್ಟಿಗೆಯ ಸುತ್ತ ನಿಂತ ತಮ್ಮಂದಿರು, ಅವರ ಮಕ್ಕಳು, ಎಲ್ಲರೂ ಅವನಿಗಿಂತ ಹಿರಿಯರಾಗಿ ಕಾಣುತ್ತಿದ್ದಿರಬೇಕು. 102 ಮಂದಿಯಲ್ಲಿ ಆ ವರ್ಷದವರೆಗೆ ದೇಹ ದೊರೆತದ್ದು ಒಂಬತ್ತು ಮಂದಿಯದು.